ಎಣ್ಣೆಯನ್ನೇ ಕುಡಿಯಬೇಡಿ: ಏಳು ಇಗ್ಬೊ ಗಾದೆ, ಏಳು ಕೆಲಸ, ಏಳು ಪದ್ಯ, 28 ದಿನ

ನೈಜೀರಿಯಾದ ಎನುಗು ಊರಿನಲ್ಲಿ ನಾನು ಕೆಲಸಕ್ಕಿದ್ದ ಮೂರು ವರ್ಷವೂ ನೀರಿನದೇ ರಗಳೆ. ಟ್ಯಾಂಕರ್ ಬರುತ್ತದೆ ಎಂದ ದಿನ ಬರುತ್ತಿರಲಿಲ್ಲ. ಒಂದು ಬೆಳಗ್ಗೆ ಖಾಲಿ ಬಕೆಟ್ ಹಿಡಿದು ಅಂಗಳದಲ್ಲಿ ಗೊಣಗುತ್ತಿದ್ದೆ. ಎಪ್ಪತ್ತರ ಆಸುಪಾಸಿನ ಮನೆಯೊಡತಿ ತಗಡಿನ ಸೂರಿನ ಕೆಳಗಿದ್ದ ಡ್ರಮ್ಮನ್ನು ಮಗುಚಿ, ನಾರಿನ ಉಂಡೆಯಿಂದ ಒಳಗೆಲ್ಲ ಉಜ್ಜುತ್ತಿದ್ದರು. ತಲೆ ಎತ್ತದೆಯೇ ಹೇಳಿದರು: "ನ್ವಾ ಮ್, ಸಂತೆ ಕೆಟ್ಟಿತೆಂದು ಬೆಳಗ್ಗೆಯೇ ಹೇಳಬಾರದು." ನ್ವಾ ಮ್ ಎಂದರೆ 'ನನ್ನ ಮಗುವೇ'. ಅಂದು ಸಂಜೆ ಮಳೆ ಬಂತೇ ಎಂದರೆ, ಬರಲಿಲ್ಲ. ಮೂರು ದಿನ ಬಿಟ್ಟು ಬಂತು. ಬಂದಾಗ ಅವರ ಡ್ರಮ್ ಸ್ವಚ್ಛವಾಗಿತ್ತು, ನನ್ನದರಲ್ಲಿ ಪಾಚಿ ಕಟ್ಟಿತ್ತು.

ಆ ಗಾದೆಯನ್ನು ಆಮೇಲೆ ಎಷ್ಟೋ ಕಡೆ ಸುಂದರ ಚಿತ್ರದ ಮೇಲೆ ಅಚ್ಚಾಗಿದ್ದನ್ನು ನೋಡಿದ್ದೇನೆ. ಎಲ್ಲಿಯೂ ಡ್ರಮ್ ಇರಲಿಲ್ಲ. ಡ್ರಮ್ ಇಲ್ಲದೆ ಆ ಮಾತಿಗೆ ಅರ್ಧ ಅರ್ಥವೂ ಇಲ್ಲವೆಂಬುದು ನನ್ನ ಅನುಭವ. ಗಾದೆ ಬಾಯಿಗೆ ಬಂದರೆ ಸಾಲದು, ಕೈ ಒದ್ದೆಯಾಗಬೇಕು, ಕವಿತೆಯಂತೂ ಅದಕ್ಕೂ ಆಮೇಲೆ. ಈ ಮಾರ್ಗದರ್ಶಿಯ ಕ್ರಮ ಅದೇ. ಊರಿಗೆ ಮರಳಿದ ಮೇಲೆ ಮೈಸೂರಿನ ಎರಡನೇ ಮಹಡಿಯ ಬಾಡಿಗೆ ಮನೆಯಲ್ಲಿ ಗಾದೆ, ಕೆಲಸ, ಪದ್ಯಗಳ ಈ 28 ದಿನದ ಅಭ್ಯಾಸವನ್ನು ನಾಲ್ಕು ಸಲ ಮಾಡಿದ್ದೇನೆ. ಎರಡು ಸಲ ನಡುವೆ ಕೈಬಿಟ್ಟೆ, ಎರಡು ಸಲ ಪೂರ್ತಿಯಾಯಿತು.

ಶುರುಮಾಡುವ ಮುನ್ನ

ಇಗ್ಬೊ ಜನರ ನೆಲ ನೈಜೀರಿಯಾದ ಆಗ್ನೇಯ ಭಾಗ: ಅಬಿಯಾ, ಅನಂಬ್ರಾ, ಎಬೋನ್ಯಿ, ಎನುಗು, ಇಮೊ ಎಂಬ ಐದು ರಾಜ್ಯಗಳು, ಜೊತೆಗೆ ಡೆಲ್ಟಾ ಮತ್ತು ರಿವರ್ಸ್ ರಾಜ್ಯಗಳ ಕೆಲವು ಭಾಗ. ಗಾದೆಗೆ ಅವರು 'ಇಲು' ಎನ್ನುತ್ತಾರೆ. ಗಾದೆಯ ಬಗ್ಗೆಯೇ ಒಂದು ಗಾದೆಯಿದೆ: 'ಇಲು ಬು ಮ್ಮಾನು ಎ ಜಿ ಎರಿ ಒಕ್ವು', ಮಾತನ್ನು ಉಣ್ಣಲು ನಂಚಿಕೊಳ್ಳುವ ತಾಳೆಎಣ್ಣೆಯೇ ಗಾದೆ. ಇಗ್ಬೊ ಲೇಖಕ ಚಿನುವಾ ಅಚಿಬೆ 1958ರ ತಮ್ಮ ಮೊದಲ ಕಾದಂಬರಿಯಲ್ಲಿ ಇದನ್ನು ಬಳಸಿದ ಮೇಲೆ ಪ್ರಪಂಚಕ್ಕೆಲ್ಲ ಗೊತ್ತಾಯಿತು. ನಾವು ಗಾದೆಯನ್ನು ವೇದಕ್ಕೆ ಸಮಾನ ಎಂದು ದೇವರ ಗೂಡಿಗೆ ಏರಿಸಿದ್ದೇವೆ, ಅವರು ಅಡುಗೆಮನೆಯಲ್ಲಿ ಇಟ್ಟಿದ್ದಾರೆ. ಬೇಯಿಸಿದ ಯಾಮ್ ಗೆಣಸನ್ನು ಕೆಂಪು ತಾಳೆಎಣ್ಣೆಯಲ್ಲಿ ಅದ್ದಿಕೊಂಡು ತಿಂದವರಿಗೆ ಇದು ಬೇಗ ತಿಳಿಯುತ್ತದೆ. ಹೊಟ್ಟೆ ತುಂಬಿಸುವುದು ಗೆಣಸು. ಎಣ್ಣೆ ಅದನ್ನು ಗಂಟಲಲ್ಲಿ ಇಳಿಸುತ್ತದೆ. ಬರೀ ಗಾದೆಗಳನ್ನು ಕಲೆಹಾಕುವವನು ಎಣ್ಣೆಯನ್ನೇ ಲೋಟದಲ್ಲಿ ಕುಡಿಯುತ್ತಾನೆ.

ಇನ್ನೊಂದು ಪದ ಬೇಕು: 'ಒಲಿಲೆ ಅನ್ಯ'. ಭರವಸೆ ಎಂದು ಅರ್ಥ. ಅದರೊಳಗಿರುವ 'ಅನ್ಯ' ಎಂದರೆ ಕಣ್ಣು, 'ಲೆ ಅನ್ಯ' ಎಂದರೆ ನೋಡು. ಭರವಸೆ ಅಲ್ಲಿ ಕಣ್ಣಿನ ಕೆಲಸ. ನಮ್ಮಲ್ಲಿಯೂ 'ದಾರಿ ನೋಡುವುದು' ಇದೆಯಲ್ಲ, ಅದರ ನೆಂಟ. ಈ ಒಂದು ಸುಳಿವು ಪದ್ಯ ಬರೆಯುವಾಗ ಬಹಳ ಉಪಯೋಗಕ್ಕೆ ಬರುತ್ತದೆ.

ಸಾಮಾನು ಹೆಚ್ಚೇನಿಲ್ಲ. ಒಂದು ನೋಟ್‌ಬುಕ್, ಪೆನ್ಸಿಲ್, ಸೀಮೆಸುಣ್ಣ, ಮುಚ್ಚಳವಿರುವ 20 ಲೀಟರಿನ ಹಳೆಯ ಪೇಂಟ್ ಡಬ್ಬ, ಅಗಲ ಬಾಯಿಯ ಮಣ್ಣಿನ ತಟ್ಟೆ, ಯಾರೂ ಹೊದೆಯದ ಒಂದು ಕೌದಿ, ಎರಡು ಕಾಗದದ ಲಕೋಟೆ. ಹೊಸದಾಗಿ ಕೊಳ್ಳಲು ಹೊರಟರೆ ಈ ಸಾಹಸದ ಉದ್ದೇಶವೇ ಹಾಳು.

ನಾಲ್ಕು ದಿನದ ವಾರ

ಇಗ್ಬೊ ವಾರಕ್ಕೆ ನಾಲ್ಕೇ ದಿನ: ಎಕೆ, ಒರಿಯೆ, ಅಫೊ, ನ್ಕ್ವೊ. ನಾಲ್ಕೂ ಸಂತೆಯ ದಿನಗಳು. ಅಲ್ಲಿನ ಸಂತೆಗಳ ಹೆಸರಿನಲ್ಲಿ ಇವು ಇಂದಿಗೂ ಇವೆ, ಅವ್ಕಾದಲ್ಲಿ ಎಕೆ ಅವ್ಕಾ, ನ್ನೆವಿಯಲ್ಲಿ ನ್ಕ್ವೊ ನ್ನೆವಿ. ಜನರ ಹೆಸರಿನಲ್ಲಿಯೂ ಇವೆ: ಎಕೆಯಂದು ಹುಟ್ಟಿದ ಗಂಡು ಒಕೆಕೆ, ಅಫೊದಂದು ಒಕಾಫೊರ್, ನ್ಕ್ವೊದಂದು ಒಕೊನ್ಕ್ವೊ. ಇಂಥ ಒಂದು ನಾಲ್ಕು ದಿನದ ಸುತ್ತಿಗೆ 'ಇಜು' ಎನ್ನುತ್ತಾರೆ. ಏಳು ಇಜುಗಳಿಗೆ ಒಂದು ತಿಂಗಳು, ಅಂದರೆ 28 ದಿನ.

ನಮ್ಮ ಕೆಲಸಕ್ಕೆ ಈ ಲೆಕ್ಕ ಎಷ್ಟು ಚೆನ್ನಾಗಿ ಹೊಂದುತ್ತದೆಂದರೆ, ಮೊದಲ ಎಕೆಯನ್ನು ಭಾನುವಾರ ಇಟ್ಟುಕೊಂಡರೆ ಮುಂದಿನ ಎಕೆಗಳು ಗುರುವಾರ, ಸೋಮವಾರ, ಶುಕ್ರವಾರ, ಮಂಗಳವಾರ, ಶನಿವಾರ, ಬುಧವಾರ ಬರುತ್ತವೆ. ನಮ್ಮ ವಾರದ ಏಳು ದಿನಗಳಿಗೂ ಒಂದೊಂದು ಸರದಿ. ಭಾನುವಾರದ ಉತ್ಸಾಹದಲ್ಲಿ ಶುರುಮಾಡಿ ಸೋಮವಾರ ಬಿಡುವ ಚಟ ನನ್ನಂತೆ ನಿಮಗೂ ಇದ್ದರೆ, ಈ ಪಂಚಾಂಗ ಅದಕ್ಕೆ ಜಾಗವನ್ನೇ ಕೊಡುವುದಿಲ್ಲ.

ಗೋಡೆಯ ಕ್ಯಾಲೆಂಡರಿನಲ್ಲಿ ನಾಲ್ಕು ಹೆಸರುಗಳನ್ನು ಪೆನ್ಸಿಲ್ಲಿನಿಂದ ಬರೆದುಕೊಳ್ಳಿ. ಪ್ರತಿ ಇಜುವಿನ ಕ್ರಮ ಹೀಗೆ. ಎಕೆಯಂದು ಗಾದೆಯನ್ನು ಬಾಯಿಪಾಠ ಮಾಡುವುದು. ಒರಿಯೆಯಂದು ಕೆಲಸ. ಅಫೊದಂದು ನಾಲ್ಕು ಸಾಲು ಪದ್ಯ. ನ್ಕ್ವೊದಂದು ಅದನ್ನು ಇನ್ನೊಬ್ಬರಿಗೆ ಕೇಳಿಸುವುದು. ಒರಿಯೆ ತಪ್ಪಿಹೋದರೆ ಅಫೊದಂದು ಬರೆಯಬೇಡಿ. ಆ ಇಜುವನ್ನೇ ಬಿಟ್ಟು ಮುಂದಿನ ಎಕೆಗೆ ಕಾಯಿರಿ. ಈ ಒಂದು ವಿಷಯದಲ್ಲಿ ನಾನು ಕಟ್ಟುನಿಟ್ಟು.

ಎಕೆ: ಬಾಯಿಪಾಠ

ಅತಿಥಿ ಬಂದಾಗ ಇಗ್ಬೊ ಮನೆಯಲ್ಲಿ ಕೋಲಾ ಕಾಯಿಯನ್ನು ತಟ್ಟೆಯಲ್ಲಿಟ್ಟು, ಹಿರಿಯರು ಪ್ರಾರ್ಥನೆ ಹೇಳಿ ಒಡೆದು ಹಂಚುತ್ತಾರೆ. ನಮ್ಮ ಎಲೆ ಅಡಿಕೆಗೆ ಇರುವ ಮರ್ಯಾದೆಯನ್ನು ನೆನೆಸಿಕೊಳ್ಳಿ. ಆ ಪ್ರಾರ್ಥನೆ ಇಗ್ಬೊದಲ್ಲಿಯೇ ಆಗಬೇಕು, ಏಕೆಂದರೆ 'ಕೋಲಾ ಕಾಯಿಗೆ ಇಂಗ್ಲಿಷ್ ಕೇಳಿಸುವುದಿಲ್ಲ' ಎಂಬ ಮಾತಿದೆ. ಆದ್ದರಿಂದ ಗಾದೆಯನ್ನು ಮೊದಲು ಅದರ ಸದ್ದಿನಲ್ಲಿಯೇ ಕಲಿಯಿರಿ. ಕನ್ನಡ ಲಿಪಿಯಲ್ಲಿ ಬರೆದುಕೊಂಡರೆ ಪೂರ್ತಿ ಸರಿಯಾಗುವುದಿಲ್ಲ, ಇಗ್ಬೊ ಸ್ವರದ ಏರಿಳಿತದ ಭಾಷೆ. 'ಅಕ್ವ' ಎಂಬ ಒಂದೇ ಪದ ದನಿ ಏರಿಳಿದಂತೆ ಅಳು, ಬಟ್ಟೆ, ಮೊಟ್ಟೆ, ಹಾಸಿಗೆ ಎಂದೆಲ್ಲ ಆಗುತ್ತದೆ. ನಾನು ಒಮ್ಮೆ ಅಂಗಡಿಯಲ್ಲಿ ಆರು ಅಳು ಕೊಡಿ ಎಂದಿದ್ದೆನಂತೆ. ಕೊಟ್ಟದ್ದು ಮಾತ್ರ ಮೊಟ್ಟೆಯೇ. 'ಗ್ಬ' ಮತ್ತು 'ಕ್ಪ' ಬಂದಲ್ಲಿ ಎರಡು ವ್ಯಂಜನಗಳನ್ನು ಒಂದರ ಹಿಂದೆ ಒಂದರಂತೆ ಹೇಳದೆ ಒಟ್ಟಿಗೇ ಸಿಡಿಸಬೇಕು. ಇಗ್ಬೊ ಮಾತನಾಡುವವರ ಧ್ವನಿಮುದ್ರಣ ಕೇಳಿ ತಿದ್ದಿಕೊಳ್ಳಿ.

ಗಾದೆ ಆರಿಸುವಾಗ ಒಂದು ಎಚ್ಚರ. 'ಆಫ್ರಿಕಾದ ಗಾದೆ' ಎಂದಷ್ಟೇ ಹಣೆಪಟ್ಟಿ ಇರುವುದನ್ನು ಮುಟ್ಟಬೇಡಿ. ಆಫ್ರಿಕಾದಲ್ಲಿ ಸಾವಿರಾರು ಭಾಷೆಗಳಿವೆ. ಯಾವ ಭಾಷೆಯದು, ಮೂಲ ವಾಕ್ಯ ಯಾವುದು ಎಂದು ಹೇಳದ ಗಾದೆ ಯಾರೋ ಕಚೇರಿಯಲ್ಲಿ ಕುಳಿತು ಹೊಸೆದದ್ದೂ ಆಗಿರಬಹುದು. ಮೂಲ ವಾಕ್ಯ ಸಿಕ್ಕಿದರಷ್ಟೇ ನೋಟ್‌ಬುಕ್ಕಿಗೆ ಹತ್ತಿಸಿ.

ಮತ್ತೊಂದು ಆಸೆಯನ್ನೂ ತಡೆದುಕೊಳ್ಳಿ, ಹತ್ತಿರದ ಕನ್ನಡ ಗಾದೆ ಹುಡುಕಿ ಅದನ್ನೇ ಬದಲಿಗೆ ಕೂರಿಸುವುದು. 'ನ್ವಾಯೊ ನ್ವಾಯೊ ಕ ಎ ಜಿ ಅರಚ ಒಫೆ ದಿ ಒಕು' ಎಂದರೆ ಬಿಸಿ ಸಾರನ್ನು ಮೆಲ್ಲಮೆಲ್ಲನೆ ನೆಕ್ಕುವುದು. ಇದಕ್ಕೆ 'ನಿಧಾನವೇ ಪ್ರಧಾನ' ಎಂದುಬಿಟ್ಟರೆ ಸಾರೂ ಹೋಯಿತು, ನಾಲಿಗೆಯೂ ಹೋಯಿತು, ಉಳಿದದ್ದು ಬುದ್ಧಿಮಾತು.

ಅಫೊ: ನಾಲ್ಕು ಸಾಲು ಬರೆಯುವ ಬಗೆ

ಪದ್ಯದ ಅಭ್ಯಾಸಕ್ಕೆ ಇಗ್ಬೊ ಹೆಸರುಗಳಷ್ಟು ಒಳ್ಳೆಯ ಗುರು ಇಲ್ಲ. ಅಲ್ಲಿ ಹೆಸರೇ ವಾಕ್ಯ. ನ್ಕಿರುಕ: ಮುಂದಿರುವುದೇ ಹೆಚ್ಚು. ನ್ದುಬುಯಿಸಿ: ಬದುಕೇ ಮೊದಲು. ಅಜುಬುಯಿಕೆ: ಬೆನ್ನ ಹಿಂದಿರುವವರೇ ಬಲ. ಓಝೊಎಮೆನ: ಇನ್ನೊಂದು ಹೀಗಾಗದಿರಲಿ. ಕೊನೆಯದು ಮನೆಯಲ್ಲಿ ದುಃಖವಾದ ಮೇಲೆ ಹುಟ್ಟಿದ ಮಗುವಿಗೆ ಇಡುವ ಹೆಸರು. ಭರವಸೆಯ ಕವಿತೆ ಎಂದರೆ ನನಗೆ ಮೊದಲು ನೆನಪಾಗುವುದು ಇದೇ. ಆದ ಕೇಡನ್ನು ಮುಚ್ಚಿಡದೆ, ಮಗುವನ್ನು ಕರೆದಾಗಲೆಲ್ಲ ಅದನ್ನೂ ಕರೆದು, ಅದರ ಎದುರಿಗೇ ನಿಂತು ಕೇಳಿಕೊಳ್ಳುತ್ತದೆ. ನೈಜೀರಿಯಾದಿಂದ ಬೇರೆಯಾಗಲು ಹೊರಟ ಬಯಾಫ್ರಾದ 1967ರಿಂದ 1970ರವರೆಗಿನ ಯುದ್ಧದಲ್ಲಿ ಹಸಿವಿನಿಂದಲೇ ಲಕ್ಷಾಂತರ ಜನರನ್ನು ಕಳೆದುಕೊಂಡ ಸಮುದಾಯದಲ್ಲಿ 'ಮುಂದಿರುವುದೇ ಹೆಚ್ಚು' ಎಂದು ಮಗಳನ್ನು ಕೂಗುವುದು ಹಗುರ ಮಾತಲ್ಲ.

ಮೊದಲ ಅಫೊದಂದು ಪದ್ಯಕ್ಕೆ ಮುಂಚೆ ನಿಮ್ಮ ಕಾಂಪೋಸ್ಟ್ ಡಬ್ಬಕ್ಕೆ (ಅದೇ ಮೊದಲ ಇಜುವಿನ ಕೆಲಸ, ವಿವರ ಮುಂದಿದೆ) ಇಂಥದ್ದೊಂದು ವಾಕ್ಯದ ಹೆಸರಿಡಿ. ನನ್ನದರ ಹೆಸರು 'ತಡೆದುಕೋಪ್ಪ'.

ಆಮೇಲೆ ನಾಲ್ಕು ಸಾಲು. ನಿಯಮ ಮೂರು. ನಿನ್ನೆ ನಿಮ್ಮ ಕೈ ಮುಟ್ಟಿದ ಒಂದು ವಸ್ತು ಅದರಲ್ಲಿರಬೇಕು. ಕೆಟ್ಟದ್ದೋ ತಪ್ಪಿದ್ದೋ ಒಂದು ಇರಬೇಕು. ಬೆಳಕು, ಹಸಿರು, ಕನಸು, ನಾಳೆ, ಭರವಸೆ ಎಂಬ ಐದು ಪದಗಳು ಇರಬಾರದು. ಗಾದೆಯನ್ನು ಪದ್ಯದೊಳಗೆ ತುರುಕುವ ಅಗತ್ಯವಿಲ್ಲ, ಅದನ್ನು ಮೇಲೆ ತಲೆಬರಹವಾಗಿ ಬರೆದುಕೊಂಡರೆ ಸಾಕು. ನಾನು ಮೊದಲು ಬರೆದದ್ದು ಹೀಗಿತ್ತು:

ಕತ್ತಲೆ ಕಳೆದು ಬೆಳಕು ಬರುವುದು,
ಹಸಿರಾಗುವುದು ಈ ಧರೆ,
ಕನಸುಗಳೆಲ್ಲ ನನಸಾಗುವವು,
ಭರವಸೆಯೇ ಬಾಳಿನ ಆಸರೆ.

ಪ್ರಾಸ ಕೂಡಿದ್ದಕ್ಕೆ ಖುಷಿಪಟ್ಟು ಹೆಂಡತಿಗೆ ಓದಿದೆ. "ಯಾರ ಮದುವೆಯ ಪತ್ರಿಕೆಗೆ?" ಎಂದು ಕೇಳಿದಳು. ಎರಡು ಇಜು ಕಳೆದ ಮೇಲೆ, ಚಳಿಯ ಬೆಳಗ್ಗೆ ಡಬ್ಬದ ಮುಚ್ಚಳ ತೆಗೆದಾಗ ಆದದ್ದನ್ನು ಇದ್ದ ಹಾಗೆ ಬರೆದೆ:

ಮೂರನೆಯ ದಿನ ಮೂಗು ಮುಚ್ಚಿದೆ.
ಏಳನೆಯ ದಿನ ಒಣಗಿದ ಎಲೆ ಸುರಿದೆ.
ಇವತ್ತು ಮುಚ್ಚಳ ತೆಗೆದು ಬಗ್ಗಿದರೆ
ಕನ್ನಡಕದ ಮೇಲೆ ಆವಿ.

ಇದೇನು ಮಹಾಕಾವ್ಯವಲ್ಲ. ಆದರೆ ಆ ಆವಿ ನಿಜ, ಡಬ್ಬದೊಳಗೆ ಏನೋ ಬದುಕಿದೆ ಎಂಬುದಕ್ಕೆ ಸಾಕ್ಷಿ. ಕಣ್ಣು ಕಂಡದ್ದನ್ನು ಬರೆದರೆ 'ಒಲಿಲೆ ಅನ್ಯ' ತಾನಾಗಿ ಒಳಗೆ ಬರುತ್ತದೆ.

ನ್ಕ್ವೊ: ಸಂತೆ

ಕೋಲಾ ಪ್ರಾರ್ಥನೆಯಲ್ಲಿ ಹಿರಿಯರ ಪ್ರತಿ ಸಾಲಿಗೂ ಕೂತವರು 'ಇಸೆ!' ಎನ್ನುತ್ತಾರೆ, ಹಾಗೇ ಆಗಲಿ ಎಂದು. ನಮ್ಮ ಮದುವೆ ಹಾಡುಗಳ 'ಸೋ ಎನ್ನಿರೆ' ಇದ್ದಂತೆ. ನಿಮ್ಮ ನಾಲ್ಕು ಸಾಲನ್ನು ಯಾರಿಗಾದರೂ ಓದಿ, ಪ್ರತಿ ಸಾಲಿನ ಕೊನೆಗೆ ಅವರು 'ಇಸೆ' ಎನ್ನಲಿ. ಸುಳ್ಳು ಸಾಲು ಬಂದಾಗ ಅವರ ದನಿ ಇಳಿಯುತ್ತದೆ, ನಿಮಗೇ ಗೊತ್ತಾಗುತ್ತದೆ. ಮಕ್ಕಳಿದ್ದರೆ ಇನ್ನೂ ಒಳ್ಳೆಯದು, ಅವರು ಇಸೆ ಎನ್ನುವುದನ್ನು ನಿಲ್ಲಿಸುವುದೇ ಇಲ್ಲ.

ಕೇಳುವವರು ಸಿಗದ ದಿನ ಮನೆಯ ಮುಂದೆ ಸೀಮೆಸುಣ್ಣದಲ್ಲಿ ಬರೆಯಿರಿ. ಅಳಿಸಿಹೋಗುತ್ತದಲ್ಲ ಎಂದು ಮರುಗಬೇಡಿ. ಇಗ್ಬೊ ಹೆಂಗಸರು ಗಿಡದ ರಸದಿಂದ ಮೈಮೇಲೆ ಬರೆಯುತ್ತಿದ್ದ 'ಉಲಿ' ಚಿತ್ತಾರ ಕೆಲವೇ ದಿನಗಳಲ್ಲಿ ಮಾಸುತ್ತಿತ್ತು, ಮಣ್ಣಿನ ಗೋಡೆಯ ಮೇಲೆ ಬರೆದದ್ದನ್ನು ಮಳೆ ತೊಳೆಯುತ್ತಿತ್ತು. ನ್ಸುಕ್ಕಾ ವಿಶ್ವವಿದ್ಯಾನಿಲಯದಲ್ಲಿ ಉಚೆ ಒಕೆಕೆ ಮತ್ತು ಅವರ ಶಿಷ್ಯರು ಆ ಗೆರೆಗಳನ್ನೇ ಹಿಡಿದು ಆಧುನಿಕ ಚಿತ್ರಕಲೆಯ ಒಂದು ಪಂಥವನ್ನೇ ಬೆಳೆಸಿದರು. ಒವೆರಿ ಕಡೆ ಭೂದೇವಿ ಅಲಾಗೆ ಕಟ್ಟುತ್ತಿದ್ದ 'ಮ್ಬಾರಿ' ಎಂಬ ಮಣ್ಣಿನ ಮನೆಗಳದಂತೂ ಇನ್ನೂ ದೊಡ್ಡ ಕತೆ. ಹತ್ತಾರು ಬೊಂಬೆಗಳನ್ನು ಕೂರಿಸಿ, ಬಣ್ಣ ಬಳಿದು, ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಕಟ್ಟಿ, ಮುಗಿದ ಮೇಲೆ ಅದನ್ನು ರಿಪೇರಿ ಮಾಡದೆ ಮಣ್ಣಿಗೇ ಬಿಟ್ಟುಬಿಡುತ್ತಿದ್ದರು. ದಿನವೂ ರಂಗೋಲಿ ಗುಡಿಸಿ ಹೊಸದು ಹಾಕುವ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇನ್ನು ಏಳು ಇಜುಗಳು, ಒಂದೊಂದಕ್ಕೂ ಎಕೆಯ ಗಾದೆ ಮತ್ತು ಒರಿಯೆಯ ಕೆಲಸ.

ಒಂದನೆಯ ಇಜು: ಸಂತೆ ಮತ್ತು ಬೆಳಗ್ಗೆ

ಗಾದೆ: 'ಅ ನಘಿ ಎಜಿ ಉತುತು ಅಮ ನ್ಜೊ ಅಹಿಯ'. ಸಂತೆ ಕೆಟ್ಟದ್ದೆಂದು ಬೆಳಗ್ಗೆಯಿಂದಲೇ ಅಳೆಯಲಾಗದು.

ಕೆಲಸ: ಕಾಂಪೋಸ್ಟ್. ಪೇಂಟ್ ಡಬ್ಬದ ಪಕ್ಕಗಳಲ್ಲಿ ಬೆರಳಗಲ ಬಿಟ್ಟು ಸಣ್ಣ ತೂತುಗಳನ್ನು ಕೊರೆಯಿರಿ, ತಳದಲ್ಲಿ ನಾಲ್ಕೈದು. ಕೆಳಗೊಂದು ಹಳೆಯ ತಟ್ಟೆ ಇಡಿ. ಒಳಗೆ ಮೊದಲು ನಾಲ್ಕು ಬೆರಳು ದಪ್ಪ ತೆಂಗಿನ ನಾರು ಅಥವಾ ಒಣ ಎಲೆ. ದಿನದ ತರಕಾರಿ ಸಿಪ್ಪೆ, ಹಣ್ಣಿನ ತಿರುಳು, ಚಹಾ ಚರಟ ಒಂದು ಬಟ್ಟಲು ಹಾಕಿದರೆ ಅದರ ಮೇಲೆ ಒಣ ಎಲೆ ಎರಡು ಬಟ್ಟಲು. ಮೀನು, ಮಾಂಸ, ಎಣ್ಣೆ ಬೆರೆತ ಅಡುಗೆ ಇದಕ್ಕೆ ಬೇಡ. ಮೊದಲ ದಿನ ಒಂದು ಸೌಟು ಹುಳಿ ಮಜ್ಜಿಗೆಯನ್ನೋ ಒಂದು ಹಿಡಿ ತೋಟದ ಮಣ್ಣನ್ನೋ ಸೇರಿಸಿದರೆ ಬೇಗ ಹತ್ತಿಕೊಳ್ಳುತ್ತದೆ.

ಮೂರನೆಯ ದಿನಕ್ಕೋ ನಾಲ್ಕನೆಯ ದಿನಕ್ಕೋ ನಾರುತ್ತದೆ. ಬಹಳ ಮನೆಗಳಲ್ಲಿ ಡಬ್ಬ ಬೀದಿಗೆ ಬೀಳುವುದು ಆಗಲೇ. ಅದು ಸಂತೆಯ ಬೆಳಗ್ಗೆ. ನಾತಕ್ಕೆ ಕಾರಣ ಒಂದೇ, ತೇವ ಹೆಚ್ಚಾಗಿ ಗಾಳಿ ಸಾಲದೆ ಹೋಗುವುದು. ಒಣ ಎಲೆ ಇನ್ನೆರಡು ಬಟ್ಟಲು ಸುರಿದು ಕೋಲಿನಿಂದ ಬುಡದವರೆಗೆ ತಿರುವಿ ಹಾಕಿ, ಒಂದೆರಡು ದಿನದಲ್ಲಿ ಅಡಗುತ್ತದೆ. ಹಿಡಿಯಷ್ಟು ತೆಗೆದು ಹಿಂಡಿ ನೋಡಿ. ನೀರು ತೊಟ್ಟಿಕ್ಕಿದರೆ ತೇವ ಹೆಚ್ಚು, ಉಂಡೆಯಾಗದೆ ಉದುರಿದರೆ ಕಡಿಮೆ. ಬಿಳಿ ಬೂಷ್ಟು ಕಂಡರೆ ಹೆದರಬೇಡಿ. ದಪ್ಪ ಹುಳುಗಳು ಕಂಡರೂ ಅಷ್ಟೇ, ಅವು ನಿಮ್ಮ ಪರವಾಗಿ ದುಡಿಯುತ್ತಿವೆ. ಮುಂದೆ ಪ್ರತಿ ಎಕೆಯಂದು ಒಮ್ಮೆ ತಿರುವಿ. ಡಬ್ಬ ತುಂಬಿದ ಮೇಲೆ ಮುಚ್ಚಿಟ್ಟು ಎರಡರಿಂದ ಮೂರು ತಿಂಗಳು ಬಿಟ್ಟರೆ ಮಳೆಗಾಲದ ಮೊದಲ ಮಣ್ಣಿನ ವಾಸನೆಯ ಗೊಬ್ಬರ. 28 ದಿನದಲ್ಲಿ ಅದು ಆಗುವುದಿಲ್ಲ, ಆಗುತ್ತದೆಂದು ಹೇಳುವವರಿಂದ ಏನನ್ನೂ ಕೊಳ್ಳಬೇಡಿ.

ಎರಡನೆಯ ಇಜು: ಬಿಸಿ ಸಾರು

ಗಾದೆಯನ್ನು ಮೇಲೆ ಹೇಳಿದ್ದೇನೆ. ಕೆಲಸ: ಉರಿ ಆರಿಸಿದ ಮೇಲೂ ಅಡುಗೆ ಮಾಡುವುದು. ದಪ್ಪ ತಳದ ಪಾತ್ರೆಯಲ್ಲಿ ಅರ್ಧ ಗಂಟೆ ನೆನೆದ ಅಕ್ಕಿಗೆ ಎರಡರಷ್ಟು ನೀರಿಟ್ಟು, ಮುಚ್ಚಿ, ಕುದಿ ಬಂದ ಮೇಲೆ ಐದಾರು ನಿಮಿಷ ಬೇಯಿಸಿ. ಮುಚ್ಚಳ ತೆಗೆಯದೆ ಕೆಳಗಿಳಿಸಿ, ಕೌದಿಯಲ್ಲಿ ಬಿಗಿಯಾಗಿ ಸುತ್ತಿ ರಟ್ಟಿನ ಪೆಟ್ಟಿಗೆಯೊಳಗೆ ಕೂರಿಸಿ. ಮೂವತ್ತೈದು ನಲವತ್ತು ನಿಮಿಷದಲ್ಲಿ ಅನ್ನವಾಗಿರುತ್ತದೆ. ಪಾತ್ರೆ ಅರ್ಧಕ್ಕಿಂತ ಹೆಚ್ಚು ತುಂಬಿರಬೇಕು, ಒಂದು ಹಿಡಿ ಅಕ್ಕಿಗೆ ಬಿಸಿ ನಿಲ್ಲುವುದಿಲ್ಲ. ಆದ ತಕ್ಷಣ ತೆಗೆದು ಉಣ್ಣಿ. ಉಗುರುಬೆಚ್ಚಗಿನ ಅನ್ನವನ್ನು ಕೌದಿಯಲ್ಲಿ ಸಂಜೆಯವರೆಗೆ ಬಿಟ್ಟರೆ ಕೆಟ್ಟು ಹೊಟ್ಟೆ ಹಾಳಾಗುತ್ತದೆ. ನಡುವೆ ಬಿಚ್ಚಿ ನೋಡುವ ಚಪಲವೇ ಇಲ್ಲಿನ ಶತ್ರು. ನನ್ನ ಮೊದಲ ಅನ್ನ ನಡುವೆ ಗಟ್ಟಿಯಾಗಿಯೇ ಉಳಿದದ್ದು ಅದರಿಂದ. ಅಂದಿನ ಪದ್ಯದ ಕೊನೆಯ ಸಾಲು: 'ಮೂರು ಸಲ ಬಿಚ್ಚಿದೆ, ಮೂರು ಕಾಳು ಹಲ್ಲಿಗೆ ಸಿಕ್ಕವು.'

ಮೂರನೆಯ ಇಜು: ಗಿಡುಗ ಕೂರಲಿ, ಹದ್ದು ಕೂರಲಿ

'ಎಗ್ಬೆ ಬೆರೆ, ಉಗೊ ಬೆರೆ. ನ್ಕೆ ಸಿ ಇಬೆ ಯ ಎಬೆಲ, ನ್ಕು ಕ್ವಾ ಯ.' ಗಿಡುಗವೂ ಕೂರಲಿ, ಹದ್ದೂ ಕೂರಲಿ, ಒಂದು ಇನ್ನೊಂದಕ್ಕೆ ಕೂರಬೇಡ ಎಂದರೆ ಅದರ ರೆಕ್ಕೆ ಮುರಿಯಲಿ. ಇಗ್ಬೊ ಗಾದೆಗಳಲ್ಲಿ ಬಹುಶಃ ಅತಿ ಹೆಚ್ಚು ಕಿವಿಗೆ ಬೀಳುವುದು ಇದೇ. ಕೊನೆಯಲ್ಲಿರುವುದು ನೇರ ಶಾಪ. ಆದರೆ ಇದಕ್ಕೆ ಇನ್ನೊಂದು ಬಾಲವೂ ಇದೆ, ಶಾಪದ ಜಾಗದಲ್ಲಿ 'ಯ ಗೊಸಿ ಯ ಎಬೆ ಒ ಗ ಎಬೆ' ಎನ್ನುವವರಿದ್ದಾರೆ: ಕೂರಬೇಡ ಎನ್ನುವುದಾದರೆ ಎಲ್ಲಿ ಕೂರಬೇಕೆಂದು ಅದಕ್ಕೆ ತೋರಿಸಲಿ. ಎರಡೂ ಬಾಲಗಳನ್ನು ನೋಟ್‌ಬುಕ್ಕಿನ ಎದುರುಬದುರು ಪುಟಗಳಲ್ಲಿ ಬರೆಯಿರಿ. ಭರವಸೆಯ ಪದ್ಯಕ್ಕೆ ತಿರುವು ಎಲ್ಲಿ ಕೊಡಬೇಕೆಂಬ ಪಾಠ ಅಷ್ಟರಲ್ಲೇ ಇದೆ. ಮೊದಲರ್ಧ ಬದಲಾಗಿಲ್ಲ, ಜಗಳ ಇದ್ದಲ್ಲೇ ಇದೆ, ಕೊನೆಗೆ ಮಾತ್ರ ಜಾಗ ತೋರಿಸುವ ಬೆರಳು ಬಂದಿದೆ.

ಕೆಲಸ: ಬಾಲ್ಕನಿಯಲ್ಲಿ ಹಕ್ಕಿಗಳಿಗೆ ನೀರು. ಎರಡು ಇಂಚಿಗಿಂತ ಆಳವಿಲ್ಲದ ಮಣ್ಣಿನ ತಟ್ಟೆ, ನಡುವೆ ಸಣ್ಣ ಹಕ್ಕಿಗೆ ಕಾಲೂರಲು ಒಂದು ಕಲ್ಲು, ಬೆಕ್ಕು ಹಾರಲಾಗದ ಜಾಗ. ನೀರನ್ನು ದಿನವೂ ಚೆಲ್ಲಿ ಗಿಡಕ್ಕೆ ಹಾಕಿ ಹೊಸದು ತುಂಬಿ, ಎರಡು ದಿನಕ್ಕೊಮ್ಮೆ ತಟ್ಟೆ ಉಜ್ಜಿ. ಬಿಟ್ಟರೆ ಸೊಳ್ಳೆಯ ಸಂಸಾರಕ್ಕೆ ಮನೆ ಕೊಟ್ಟಂತೆ. ನನ್ನ ತಟ್ಟೆಗೆ ಪಾರಿವಾಳಗಳೇ ಮುತ್ತಿ ಗುಬ್ಬಿಗಳು ಹತ್ತಿರ ಸುಳಿಯಲಿಲ್ಲ. ಶಾಪ ಹಾಕುವ ಮನಸ್ಸಾಗಿತ್ತು. ಎರಡನೆಯ ಬಾಲ ನೆನಪಾಗಿ, ಕಿಟಕಿಯ ಸರಳಿನ ಒಳಗೆ ಇನ್ನೊಂದು ಚಿಕ್ಕ ಬಟ್ಟಲು ಇಟ್ಟೆ.

ಕರೆದದ್ದು ಗುಬ್ಬಿಯನ್ನು, ಬಂದದ್ದು ಪಾರಿವಾಳ.
ಓಡಿಸಿದೆ. ಮತ್ತೆ ಬಂತು. ಓಡಿಸಿದೆ.
ಕೊನೆಗೆ ಸರಳಿನೊಳಗೊಂದು ಚಮಚೆಯಷ್ಟು ಬಟ್ಟಲು:
ಇಲ್ಲಿ ನೀನು. ಅಲ್ಲಿ ಅದು.

ನಾಲ್ಕನೆಯ ಇಜು: ಎರಡು ಕೈ

'ಅಕ ನ್ರಿ ಕ್ವೊ ಅಕ ಎಕ್ಪೆ, ಅಕ ಎಕ್ಪೆ ಅಕ್ವೊ ಅಕ ನ್ರಿ.' ಬಲಗೈ ಎಡಗೈಯನ್ನು ತೊಳೆಯಲಿ, ಎಡಗೈ ಬಲಗೈಯನ್ನು. ಕೆಲಸ ನೀರಿನದು. ಅಕ್ಕಿ, ಬೇಳೆ ತೊಳೆದ ನೀರು ಕರಿಬೇವಿಗೆ. ಸೋಪಿನ ನೀರು ಸೊಪ್ಪಿನ ಮಡಿಗೆ ಬೇಡ, ಶೌಚಾಲಯಕ್ಕೆ ಹೋಗಲಿ. ರಾತ್ರಿ ತೊಟ್ಟಿಕ್ಕುವ ನಲ್ಲಿಯ ಕೆಳಗೆ ಪಾತ್ರೆ ಇಟ್ಟು ಬೆಳಗ್ಗೆ ಅಳೆಯಿರಿ. ಒಂದು ಮಿಲಿಲೀಟರಿಗೆ 20 ಹನಿ ಎಂದುಕೊಂಡರೆ, ಸೆಕೆಂಡಿಗೆ ಒಂದು ಹನಿಯಂತೆ ದಿನಕ್ಕೆ 4 ಲೀಟರ್ ಮೀರುತ್ತದೆ. ವಾಷರ್ ಬದಲಿಸಿ. ಈ ಇಜುವಿನ ಬಗ್ಗೆ ಇದಕ್ಕಿಂತ ಹೆಚ್ಚು ಹೇಳುವುದಿಲ್ಲ.

ಐದನೆಯ ಇಜು: ದಾರಿ ಕೇಳುವವನು

'ಒನ್ಯೆ ಅಜುಜು ಅನಘಿ ಎಫು ಉಝೊ.' ಕೇಳುವವನು ದಾರಿ ತಪ್ಪುವುದಿಲ್ಲ. ಕೆಲಸ: ಎಸೆಯಬೇಕೆಂದು ಎತ್ತಿಟ್ಟ ಒಂದು ವಸ್ತುವನ್ನು ಹಿಡಿದು ಮೂವರನ್ನು 'ಇದು ಇನ್ನೇನಾಗಬಹುದು?' ಎಂದು ಕೇಳುವುದು. ಒಬ್ಬರು ರಿಪೇರಿಯವರಾಗಿರಲಿ, ಒಬ್ಬರು ನಿಮ್ಮಜ್ಜಿಯ ವಯಸ್ಸಿನವರು. ಇಗ್ಬೊ ನಾಡಿನಲ್ಲಿ ಈ ಪ್ರಶ್ನೆಗೆ ಅತಿ ಹೆಚ್ಚು ಉತ್ತರ ಕೊಟ್ಟ ಗಿಡ ಎಣ್ಣೆತಾಳೆ. ಹಣ್ಣಿನ ತಿರುಳಿನಿಂದ ಕೆಂಪೆಣ್ಣೆ, ಬೀಜದಿಂದ ಬೇರೆ ಎಣ್ಣೆ, ಬೀಜದ ಚಿಪ್ಪು ಒಲೆಗೆ, ಗರಿಯ ಕಡ್ಡಿ ಪೊರಕೆಗೆ, ಮರದ ರಸ ಕುಡಿಯಲು, ಹಣ್ಣು ಬಿಡಿಸಿದ ಗೊನೆಯನ್ನು ಸುಟ್ಟ ಬೂದಿ ಸಾಬೂನಿಗೆ. ತೆಂಗಿನ ಸೀಮೆಯವರಿಗೆ ಇದರಲ್ಲಿ ಅಚ್ಚರಿಯಿಲ್ಲ.

ಹಾಗೆಂದು ಅಲ್ಲಿ ಎಲ್ಲವೂ ಚೆಂದ ಎಂದು ಬರೆದರೆ ಸುಳ್ಳಾಗುತ್ತದೆ. ಎನುಗುವಿನ ಬೆಳಗಿನ ತಿಂಡಿ 'ಒಕ್ಪ', ಬಂಬಾರಾ ಕಡಲೆಯ ಹಿಟ್ಟಿನಿಂದ ಮಾಡುವ ಹಳದಿ ಕಡುಬು. ಬಾಳೆಎಲೆಯಲ್ಲಿ ಕಟ್ಟಿ ಬೇಯಿಸುತ್ತಿದ್ದುದನ್ನು ಈಗ ಹೆಚ್ಚಾಗಿ ಪ್ಲಾಸ್ಟಿಕ್ ಚೀಲದಲ್ಲಿ ಬೇಯಿಸುತ್ತಾರೆ. ಕುಡಿಯುವ ನೀರಿನ ಅರ್ಧ ಲೀಟರ್ ಪಾಕೀಟುಗಳು ಚರಂಡಿಯ ಬಾಯಿ ಕಟ್ಟುತ್ತವೆ. ನಮ್ಮ ಹೋಟೆಲುಗಳು ತಟ್ಟೆ ಇಡ್ಲಿಯ ಬಟ್ಟೆಯನ್ನು ಬಿಟ್ಟು ಪ್ಲಾಸ್ಟಿಕ್ ಹಾಳೆ ಹಿಡಿದ ಕತೆಯೂ ಅದೇ ತಾನೆ. ನಾನು ಒಕ್ಪ ಮಾರುವ ಹೆಂಗಸನ್ನು ಎಲೆಯದ್ದು ಇದೆಯೇ ಎಂದು ಕೇಳಿದೆ. ನಾಳೆ ಬಾ ಎಂದರು. ಮರುದಿನ ಬುಟ್ಟಿಯ ತಳದಿಂದ ಎರಡು ತೆಗೆದುಕೊಟ್ಟರು, ಮನೆಗೆಂದು ಮಾಡಿಕೊಂಡದ್ದು. ಕೇಳದಿದ್ದರೆ ಅದು ಬುಟ್ಟಿಯ ತಳದಲ್ಲೇ ಇರುತ್ತಿತ್ತು.

ಆರನೆಯ ಇಜು: ಗುಂಪು

'ಇಗ್ವೆ ಬು ಇಕೆ.' ಗುಂಪೇ ಬಲ. ಮೂರೇ ಪದ, ಬಾಯಿಪಾಠಕ್ಕೆ ಸುಲಭ, ಕೆಲಸಕ್ಕೆ ಕಷ್ಟ. ಅಕ್ಕಪಕ್ಕದ ಎರಡು ಮನೆಗಳನ್ನು ಒಂದು ವಿಷಯಕ್ಕೆ ಒಪ್ಪಿಸಿ: ಏಣಿ, ಡ್ರಿಲ್ ಯಂತ್ರದಂಥ ವರ್ಷಕ್ಕೆರಡು ಸಲ ಬೇಕಾಗುವ ವಸ್ತು ಮೂರು ಮನೆಗೆ ಒಂದೇ ಸಾಕೆಂದು. ಯಾರ ಮನೆಯಲ್ಲಿರಬೇಕು, ಕೆಟ್ಟರೆ ಯಾರು ಮಾಡಿಸಬೇಕು ಎಂಬುದನ್ನು ಮೊದಲೇ ಕಾಗದದ ಮೇಲೆ ಬರೆದುಕೊಳ್ಳಿ, ನಮ್ಮ ಬೀದಿಯಲ್ಲಿ ಮಾತು ಮುರಿದದ್ದೇ ಅಲ್ಲಿ. ಈ ಇಜುವಿನ ಪದ್ಯವನ್ನು ಒಬ್ಬೊಬ್ಬರು ಒಂದೊಂದು ಸಾಲು ಹೇಳಿ ಕಟ್ಟಲಿ. ಚೆನ್ನಾಗಿ ಬರುವುದಿಲ್ಲ. ಬರೆದಿಡಿ.

ಏಳನೆಯ ಇಜು: ನಾಳೆ ಬಸುರಿ

'ಎಚಿ ದಿ ಇಮೆ.' ನಾಳೆ ಬಸುರಿಯಾಗಿದ್ದಾಳೆ. ಏನು ಹೆರುತ್ತಾಳೋ ಯಾರಿಗೆ ಗೊತ್ತು ಎಂಬುದು ಅದರ ಹಿಂದಿನ ಮಾತು. ಒಳ್ಳೆಯದೇ ಹುಟ್ಟುತ್ತದೆಂದು ಗಾದೆ ಎಲ್ಲಿಯೂ ಹೇಳಿಲ್ಲ. ಬಸುರಿಯಿರುವ ಮನೆಯಲ್ಲಿ ಏನು ಮಾಡುತ್ತಾರೆ? ಹಳೆಯ ಸೀರೆ ಹರಿದು ಮೆತ್ತನೆಯ ಬಟ್ಟೆ ಮಾಡುತ್ತಾರೆ, ತೊಟ್ಟಿಲಿನ ಹಗ್ಗ ನೋಡುತ್ತಾರೆ. ಡ್ರಮ್ ಉಜ್ಜುತ್ತಾರೆ.

ಕೆಲಸ: ಬೀಜ. ಇಗ್ಬೊ ರೈತ ಯಾಮ್ ಗೆಣಸನ್ನು ಅಗೆದ ಮೇಲೆ 'ಒಬ' ಎಂಬ ಚಪ್ಪರದಲ್ಲಿ ಕಂಬಗಳಿಗೆ ಒಂದೊಂದಾಗಿ ಕಟ್ಟಿ ನಿಲ್ಲಿಸುತ್ತಾನೆ. ಎಷ್ಟೋ ಕಡೆ ಆ ಕಂಬಗಳು ಹಸಿ ಗೂಟಗಳು, ಚಿಗುರಿ ಗೆಣಸಿಗೆ ನೆರಳು ಕೊಡುತ್ತವೆ. ಬಿತ್ತನೆಯ ಗೆಣಸು ಎಷ್ಟೇ ಹಸಿವಾದರೂ ಅಡುಗೆಗೆ ಹೋಗಬಾರದು. ನಮ್ಮ ಮಹಡಿಗೆ ಯಾಮ್ ಏರುವುದಿಲ್ಲವಾದ್ದರಿಂದ ಬೆಂಡೆ ಇಟ್ಟುಕೊಳ್ಳೋಣ. ಅದಕ್ಕೂ ಹಕ್ಕಿದೆ, ಬೆಂಡೆಗೆ ಇಂಗ್ಲಿಷಿನಲ್ಲಿರುವ 'ಓಕ್ರಾ' ಎಂಬ ಹೆಸರು ಇಗ್ಬೊ ಭಾಷೆಯ 'ಒಕುರು'ವಿನಿಂದಲೇ ಹೋದದ್ದು.

ಅಂಗಡಿಯ ಎಳೆ ಬೆಂಡೆಯಲ್ಲಿ ಬಿತ್ತುವ ಬೀಜ ಸಿಗದು. ಮನೆಯಲ್ಲೋ ಹೊಲದಲ್ಲೋ ನಾಟಿ ಬೆಂಡೆ ಬೆಳೆದವರನ್ನು ಹುಡುಕಿ, ಬೀಜಕ್ಕೆಂದು ಬಿಟ್ಟ ಒಂದು ಕಾಯಿ ಕೇಳಿ. ಹೈಬ್ರಿಡ್ ತಳಿಯದಾದರೆ ಮುಂದಿನ ಗಿಡ ತಾಯಿಯಂತೆ ಬರುತ್ತದೆಂದು ಹೇಳಲಾಗದು. ಕಾಯಿ ಗಿಡದಲ್ಲಿಯೇ ಒಣಗಿ, ಕಂದು ಬಣ್ಣಕ್ಕೆ ತಿರುಗಿ, ಏಣುಗಳು ಸೀಳಲು ಶುರುವಾಗಿರಬೇಕು, ಅಲ್ಲಾಡಿಸಿದರೆ ಗಿಲಕಿಯಂತೆ ಸದ್ದಾಗಬೇಕು. ಒರಿಯೆಗೆ ಒಂದು ವಾರ ಮುಂಚೆಯೇ ಬೀಜ ಬಿಡಿಸಿ ನೆರಳಿನಲ್ಲಿ ಒಣಗಲು ಹಾಕಿ, ಒರಿಯೆಯಂದು ಸ್ವಲ್ಪ ಒಲೆಯ ಬೂದಿ ಸೇರಿಸಿ ಕಾಗದದ ಲಕೋಟೆಯಲ್ಲಿಡಿ. ಮೇಲೆ ತಳಿ, ಕೊಟ್ಟವರ ಹೆಸರು, ತಾರೀಖು ಬರೆಯಿರಿ. ನಾನು ತಾರೀಖಿನ ಜೊತೆಗೆ ಇಗ್ಬೊ ದಿನವನ್ನೂ ಬರೆಯುತ್ತೇನೆ, ಇದಕ್ಕೆ ಕಾರಣ ಕೇಳಬೇಡಿ.

ಅಫೊದಂದು ಪದ್ಯ ಲಕೋಟೆಯ ಹಿಂಬದಿಯಲ್ಲಿಯೇ ಆಗಲಿ, ಜಾಗ ಚಿಕ್ಕದಿದ್ದರೆ ಪದಗಳೂ ಮರ್ಯಾದೆಯಿಂದ ಇರುತ್ತವೆ. ನಾಳೆ ಎಂಬ ಪದ ಮೇಲಿನ ಗಾದೆಯಲ್ಲಿಯೇ ಬಂದಿದೆ, ನಿಮ್ಮ ಸಾಲಿನಲ್ಲಿ ಬೇಡ. ನ್ಕ್ವೊದಂದು ಬೀಜವನ್ನು ಎರಡು ಲಕೋಟೆ ಮಾಡಿ ಒಂದನ್ನು ಪದ್ಯದ ಸಮೇತ ಕೊಟ್ಟುಬಿಡಿ. ಇನ್ನೊಂದರಿಂದ ಏಳು ಬೀಜ ತೆಗೆದು ರಾತ್ರಿ ಮಲಗುವ ಮುನ್ನ ಒಂದು ಲೋಟ ನೀರಿಗೆ ಹಾಕಿಡಿ. ಬೆಳಗ್ಗೆ ಎಕೆ, ಡಬ್ಬವನ್ನೂ ಒಮ್ಮೆ ತಿರುವಬೇಕು.